ಚಾರ್ಜೇ ಇಲ್ಲದ ಪ್ಲೇಟಿಂದ ಭೂಮಿಗೆ ಚಾರ್ಜ್ ಹೋಗಿದ್ದು ಹೇಗೆ

ಫೆಬ್ರವರಿ ಕೊನೆ ವಾರ, ರಾತ್ರಿ ಒಂಬತ್ತೂವರೆ ಇರ್ಬೇಕು, ಊಟ ಮುಗ್ಸಿ ಕೈ ತೊಳ್ಕೊತಿದ್ದೆ, ಮೇಲ್ಗಡೆ ಮನೆ ಹುಡುಗ ರಫ್ ಬುಕ್ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದ. ಸೆಕೆಂಡ್ ಪಿಯು, ಬೋರ್ಡ್ ಎಕ್ಸಾಮ್ ತಲೆ ಮೇಲೆ ಕೂತಿದೆ, ಅದರ ಬೆನ್ನಿಗೇ ಸಿಇಟಿ. ನಾನು ಪೀಣ್ಯದಲ್ಲಿ ಪ್ಯಾನೆಲ್ ಬೋರ್ಡ್ ಕೆಲಸ ಮಾಡೋನು, ಬೆಳಗಾದ್ರೆ ಅರ್ತಿಂಗ್ ಅರ್ತಿಂಗ್ ಅಂತ ಬಾಯಿ ಬಡ್ಕೊಳೋನು, ಅದಕ್ಕೆ "ಕೆಳಗಡೆ ಅಂಕಲ್‌ನ ಕೇಳು" ಅಂತ ಅವರಮ್ಮ ಕಳ್ಸಿದಾರೆ.

ಲೆಕ್ಕ ಇಷ್ಟೇ. ಎರಡು ದೊಡ್ಡ ಮೆಟಲ್ ಪ್ಲೇಟ್ ಎದುರುಬದುರು ಇದಾವೆ, ಮಧ್ಯೆ ಸಣ್ಣ ಗ್ಯಾಪ್. ಎ ಪ್ಲೇಟ್ ಮೇಲೆ 8 ನ್ಯಾನೊಕೂಲಂ (ಚಾರ್ಜ್ ಅಳೆಯೋ ಸಣ್ಣ ಯೂನಿಟ್ಟು), ಬಿ ಪ್ಲೇಟ್ ಮೇಲೆ 2. ಈಗ ಬಿ ಪ್ಲೇಟ್‌ನ ಅರ್ತ್ ಮಾಡಿದ್ರೆ, ಅಂದ್ರೆ ವೈರ್ ಕಟ್ಟಿ ನೆಲಕ್ಕೆ ಸೇರಿಸಿದ್ರೆ, ಭೂಮಿಗೆ ಎಷ್ಟು ಚಾರ್ಜ್ ಹೋಗತ್ತೆ? ಇವನು 2 ಅಂತ ಬರ್ದಿದ್ದ. ಟ್ಯೂಷನ್‌ನವರು ಕೊಟ್ಟ ಕೀ ಆನ್ಸರಲ್ಲಿ 10 ಅಂತಿತ್ತು, ವಿವರಣೆ ಅಂತ ಒಂದೇ ಲೈನು, "ಅರ್ತ್ ಮಾಡಿದಾಗ ಹೊರಮುಖದ ಚಾರ್ಜ್ ಸೊನ್ನೆ". ಸಾರ್‌ನ ಕೇಳಿದ್ರೆ ಅದು ರೂಲು, ಬಾಯಿಪಾಠ ಮಾಡ್ಕೊ ಅಂದ್ರಂತೆ.

"ಇರೋದೇ 2 ಅಂಕಲ್. 10 ಎಲ್ಲಿಂದ ತಂದುಕೊಡತ್ತೆ?"

ಸತ್ಯ ಹೇಳ್ಬೇಕು ಅಂದ್ರೆ ಪ್ರಶ್ನೆ ಓದಿದ ತಕ್ಷಣ ನನ್ ತಲೇಲೂ ಬಂದಿದ್ದು 2 ಅಂತಾನೇ. ಇಪ್ಪತ್ತು ವರ್ಷದಿಂದ ಅರ್ತ್ ವೈರ್ ಎಳೀತಿದೀನಿ, ಆದ್ರೂ ಅರ್ತ್ ಅಂದ್ರೆ ತಲೆ ಒಳಗೆ ಒಂದು ಚರಂಡಿ ಚಿತ್ರನೇ ಕೂತಿದೆ, ಏನಿದ್ಯೋ ಎಲ್ಲ ಹರ್ಕೊಂಡು ಹೋಗ್ಬಿಡತ್ತೆ ಅಂತ. ಅರ್ತ್‌ಗೆ ಅರ್ಥ ಗೊತ್ತಿಲ್ದೇ ಅರ್ತಿಂಗ್ ಮಾಡ್ಕೊಂಡು ಬಂದಂಗಾಯ್ತು. ನಾಳೆ ಬಾ ಅಂತ ಕಳ್ಸಿ ಪೇಪರ್ ಪೆನ್ನು ತಗೊಂಡು ಕೂತೆ.

ಮೊದಲು ಅರ್ತ್ ಮಾಡೋ ಮುಂಚಿನ ಸ್ಥಿತಿ ನೋಡಣ. ಎರಡು ಪ್ಲೇಟ್ ಅಂದ್ರೆ ನಾಲ್ಕು ಮುಖ, ಚಾರ್ಜ್ ಕೂರೋದೆಲ್ಲ ಮುಖದ ಮೇಲೇನೇ, ಮೆಟಲ್ ಒಳಗೆ ಫೀಲ್ಡ್ (ಚಾರ್ಜನ್ನ ತಳ್ಳೋ ಎಳೆಯೋ ಬಲ) ಇರಲ್ಲ, ಇದ್ದಿದ್ರೆ ಎಲೆಕ್ಟ್ರಾನ್‌ಗಳು ಅದು ಸತ್ತುಹೋಗೋ ತನಕ ಓಡಾಡ್ತಾನೇ ಇರೋವು. ಎದುರುಬದುರಿರೋ ಎರಡು ಒಳಮುಖದ ಮೇಲೆ ಯಾವಾಗ್ಲೂ ಸಮ ಮತ್ತು ವಿರುದ್ಧ ಚಾರ್ಜ್, ಅವೆರಡೂ ಸೇರಿ ಗ್ಯಾಪಿನ ಹೊರಗೆ ಏನೂ ಫೀಲ್ಡ್ ಮಾಡಲ್ಲ. ಹಂಗಾದ್ರೆ ಎ ಪ್ಲೇಟಿನ ಮೆಟಲ್ ಒಳಗೆ ನಿಂತು ನೋಡಿದ್ರೆ ಉಳಿಯೋದು ಎರಡೇ, ಈ ಕಡೆಯಿಂದ ಎ ಹೊರಮುಖ ತಳ್ತಿದೆ, ಆ ಕಡೆಯಿಂದ ಬಿ ಹೊರಮುಖ ತಳ್ತಿದೆ, ಒಳಗೆ ಫೀಲ್ಡ್ ಸೊನ್ನೆ ಆಗ್ಬೇಕು ಅಂದ್ರೆ ಎರಡೂ ಸಮ ಇರ್ಲೇಬೇಕು. ಒಟ್ಟು 10, ಹಂಗಾಗಿ ಹೊರಮುಖಕ್ಕೆ 5, 5. ಎ ಒಳಮುಖದಲ್ಲಿ ಉಳಿದ 3, ಬಿ ಒಳಮುಖದಲ್ಲಿ ಮೈನಸ್ 3. ಕೂಡಿ ನೋಡಿ, 5 ಮತ್ತೆ 3 ಸೇರಿ 8, 5ರಲ್ಲಿ 3 ಹೋದ್ರೆ 2. ಬಿ ಮೇಲೆ ಬರೀ 2 ಇದೆ ಅಂತ ನಾವು ಅಂದ್ಕೊಂಡಿದ್ವಿ, ನಿಜವಾಗ್ಲೂ ಅದು ಬೆನ್ನಲ್ಲಿ (ಹೊರಮುಖ) 5, ಎದೆಲಿ (ಒಳಮುಖ) ಮೈನಸ್ 3 ಇಟ್ಕೊಂಡು ಕೂತಿದೆ.

ಈಗ ಬಿಗೆ ವೈರ್ ಕಟ್ಟಿ ನೆಲಕ್ಕೆ ಬಿಟ್ವಿ. ವೈರ್ ಮಾಡೋ ಕೆಲಸ ಒಂದೇ, ಬಿ ಪ್ಲೇಟಿನ ಪೊಟೆನ್ಷಿಯಲ್‌ನ (ನೀರಿನ ಮಟ್ಟ ಇದ್ದಂಗೆ, ವೋಲ್ಟಲ್ಲಿ ಅಳೆಯೋದು) ಭೂಮಿ ಪೊಟೆನ್ಷಿಯಲ್‌ಗೆ ಸಮ ಮಾಡೋದು. ಅದಕ್ಕೆ ಎಷ್ಟು ಚಾರ್ಜ್ ಹೋಗ್ಬೇಕೋ ಅಷ್ಟು ಹೋಗತ್ತೆ, ಎಷ್ಟು ಬರ್ಬೇಕೋ ಅಷ್ಟು ಬರತ್ತೆ, ಪ್ಲೇಟಿನ ಹತ್ರ ಎಷ್ಟಿತ್ತು ಅನ್ನೋದು ಅದರ ತಲೆನೋವಲ್ಲ. ಬಿ ಪ್ಲೇಟೂ ರೂಮಿನ ಗೋಡೆ ನೆಲ ಎಲ್ಲಾನೂ ಒಂದೇ ಪೊಟೆನ್ಷಿಯಲ್ ಆದ್ಮೇಲೆ ಅವುಗಳ ಮಧ್ಯೆ ಫೀಲ್ಡ್ ಇರಕ್ಕೆ ಕಾರಣ ಇಲ್ಲ, ಹಂಗಾಗಿ ಬಿ ಬೆನ್ನಿನ 5 ಸೊನ್ನೆ. ಎ ಬೆನ್ನಿನ 5 ಕತೆ ಬೇರೆ. ಅದಕ್ಕೆ ವೈರೇ ಇಲ್ಲ, ಅದು ಪ್ಲೇಟ್ ಬಿಟ್ಟು ಎಲ್ಲೂ ಹೋಗಂಗಿಲ್ಲ, ಆದ್ರೆ ಬಿ ಬೆನ್ನು ಸೊನ್ನೆ ಆದ್ರೆ ಎ ಬೆನ್ನೂ ಸೊನ್ನೆ ಆಗ್ಲೇಬೇಕು (ಎರಡೂ ಸಮ ಅಂತ ಮೇಲೆ ನೋಡಿದ್ವಲ್ಲ), ಹಂಗಾಗಿ ಅದು ತನ್ನದೇ ಪ್ಲೇಟಿನ ಒಳಮುಖಕ್ಕೆ ಜರುಗತ್ತೆ. ಅಲ್ಲಿ 3 ಇದ್ದಿದ್ದು 8 ಆಯ್ತು. ಎದುರಿಗೆ ಬಿ ಒಳಮುಖ ಮೈನಸ್ 3 ಇದ್ದಿದ್ದು ಮೈನಸ್ 8 ಆಗ್ಬೇಕು. ಬಿ ಮೇಲೆ ಮೊದಲು 2, ಈಗ ಮೈನಸ್ 8, ವ್ಯತ್ಯಾಸ 10.

ಕೀ ಆನ್ಸರ್ ಸರಿ. ಆದ್ರೆ ಹುಡುಗನ ಪ್ರಶ್ನೆ ಹಂಗೇ ಇದೆಯಲ್ಲ, 2 ಇರೋದು 10 ಹೇಗೆ ಕೊಡತ್ತೆ. ಮಾರನೇ ದಿನ ಅವನಿಗೆ ಹಿಂಗೆ ಹೇಳ್ದೆ: ಚಾರ್ಜ್ ಸೊನ್ನೆ ಅಂದ್ರೆ ಪ್ಲೇಟ್ ಖಾಲಿ ಅಂತಲ್ಲ ಕಣೋ, ಪ್ಲಸ್ಸೂ ಮೈನಸ್ಸೂ ಸಮ ಇದೆ ಅಂತ. ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದು, ನೂರು ಗ್ರಾಂ ಚಿಲ್ಲರೆ ತೂಗೋ ಅಲ್ಯುಮಿನಿಯಂ ತಗಡಲ್ಲಿ ಓಡಾಡೋ ಎಲೆಕ್ಟ್ರಾನ್ ಎಷ್ಟಿರತ್ತೆ ಅಂದ್ರೆ, 10 ನ್ಯಾನೊಕೂಲಂ ಅನ್ನೋದು ಅದರಲ್ಲಿ ಹತ್ತಿರ ಹತ್ತಿರ ಕೋಟಿ ಕೋಟಿಗೆ ಒಂದು ಎಲೆಕ್ಟ್ರಾನ್ ಲೆಕ್ಕ. ಮೇಲಾಗಿ "ಭೂಮಿಗೆ 10 ಹೋಯ್ತು" ಅನ್ನೋದು ಲೆಕ್ಕದ ಭಾಷೆ, ವೈರಲ್ಲಿ ನಿಜವಾಗಿ ಆಗಿದ್ದು ಉಲ್ಟಾ, ಭೂಮಿಯಿಂದ ಸುಮಾರು 6,240 ಕೋಟಿ ಎಲೆಕ್ಟ್ರಾನ್ ಮೇಲಕ್ಕೆ ಹತ್ತಿ ಬಿಗೆ ಬಂದ್ವು, ಎ ಮೇಲಿರೋ ಪ್ಲಸ್ ಚಾರ್ಜ್ ಕರೆದಿದ್ದಕ್ಕೆ.

ತಲೆ ಆಡಿಸ್ದ. ಒಪ್ಪಿಲ್ಲ ಅಂತ ಮುಖದಲ್ಲೇ ಗೊತ್ತಾಗ್ತಿತ್ತು. "ಪೇಪರಲ್ಲಿ ಏನ್ ಬೇಕಾದ್ರೂ ಬರಿಬಹುದು ಅಂಕಲ್." ಸರಿ ಗುರು, ಭಾನುವಾರ ಮಾಡೇ ತೋರಿಸ್ತೀನಿ ಅಂದ್ಬಿಟ್ಟೆ.

ಒಂದು ಒಳ್ಳೇ ವಿಷಯ ಏನಂದ್ರೆ ಇದನ್ನ ತೀರ್ಮಾನ ಮಾಡಕ್ಕೆ 8ಉ ಬೇಡ 2ಉ ಬೇಡ. ಬಿ ಮೇಲೆ ಏನೂ ಚಾರ್ಜ್ ಇಲ್ದೇ ಇಟ್ಟು ಅರ್ತ್ ಮಾಡಿದ್ರೆ ಸಾಕು. ಅವನ ಪ್ರಕಾರ ಸೊನ್ನೆ ಹೋಗ್ಬೇಕು, ನನ್ನ ಪ್ರಕಾರ ಎ ಮೇಲಿರೋಷ್ಟು ಪೂರ್ತಿ ಹೋಗ್ಬೇಕು. ಮಧ್ಯೆ ಜಗಳಕ್ಕೆ ಜಾಗನೇ ಇಲ್ಲ.

ಶನಿವಾರ ಎಸ್‌ಪಿ ರೋಡ್‌ಗೆ ಹೋಗಿ ಎರಡು ಸಿಎ3140 ಆಪ್‌ಆಂಪ್ (ಒಂದು ಥರ ಆಂಪ್ಲಿಫೈಯರ್ ಚಿಪ್), ಒಂದು 0.1 ಮೈಕ್ರೊಫ್ಯಾರಡ್ ಪಾಲಿಪ್ರೊಪಿಲೀನ್ ಕೆಪಾಸಿಟರ್ (ಚಾರ್ಜ್ ಕೂಡಿಡೋ ಸಾಮಾನು), ಎರಡು 9 ವೋಲ್ಟ್ ಬ್ಯಾಟರಿ ತಂದೆ. ಅಲ್ಲೇ ಮನೆ ಹತ್ರ ಹನುಮಂತನಗರದ ಒಂದು ಫ್ಯಾಬ್ರಿಕೇಷನ್ ಅಂಗಡೀಲಿ 20 ಸೆಂಟಿಮೀಟರ್ ಚೌಕದ ಎರಡು ಅಲ್ಯುಮಿನಿಯಂ ತಗಡು ಕತ್ತರಿಸಿಸ್ಕೊಂಡೆ. ಐಡಿಯಾ ಏನಂದ್ರೆ, ಅರ್ತ್ ವೈರಿನ ದಾರಿಲಿ ಆ ಕೆಪಾಸಿಟರ್ ಇಡೋದು, ವೈರಲ್ಲಿ ಹೋದ ಚಾರ್ಜ್ ಎಲ್ಲ ಅದರಲ್ಲಿ ಹೋಗಿ ಕೂರತ್ತೆ, 1 ನ್ಯಾನೊಕೂಲಂಗೆ 10 ಮಿಲಿವೋಲ್ಟ್. ನೇರವಾಗಿ ಮಲ್ಟಿಮೀಟರ್ ಹಾಕಿದ್ರೆ ಅದರ 10 ಮೆಗಾಓಮ್ ಮೂಲಕ ಒಂದೆರಡು ಸೆಕೆಂಡಲ್ಲಿ ಸೋರಿ ಹೋಗತ್ತೆ, ಅದಕ್ಕೇ ಮಧ್ಯೆ ಆಪ್‌ಆಂಪ್, ಅದು ಕೆಪಾಸಿಟರಿಂದ ಕುಡಿಯೋ ಕರೆಂಟು ಪಿಕೊಆಂಪಿಯರ್ ಲೆಕ್ಕದಲ್ಲಿ. ಕೆಪಾಸಿಟರ್ ಇದ್ರೆ ಅದು ಅರ್ತ್ ಹೇಗಾಯ್ತು ಅಂತ ಕೇಳ್ಬಹುದು. ಎರಡು ತಗಡಿನ ಮಧ್ಯೆ 5 ಮಿಲಿಮೀಟರ್ ಗ್ಯಾಪ್ ಇಟ್ರೆ ಅದರ ಕೆಪಾಸಿಟೆನ್ಸ್ (ಒಂದು ವೋಲ್ಟಿಗೆ ಎಷ್ಟು ಚಾರ್ಜ್ ಹಿಡಿಯತ್ತೆ ಅನ್ನೋದು) ಸುಮಾರು 71 ಪಿಕೊಫ್ಯಾರಡ್, ಈ ಕೆಪಾಸಿಟರ್ ಅದಕ್ಕಿಂತ ಸಾವಿರದ ನಾನೂರು ಪಟ್ಟು ದೊಡ್ಡದು, ತಗಡುಗಳ ಮಧ್ಯೆ ನಾನೂರು ವೋಲ್ಟ್ ಇರೋವಾಗ ಇದು 0.3 ವೋಲ್ಟ್ ಏರತ್ತೆ ಅಷ್ಟೇ, ಸೊನ್ನೆ ಅಂತಾನೇ ಇಟ್ಕೊಳಿ.

(ಇದರಲ್ಲೊಂದು ತಮಾಷೆ ಇದೆ. ಇಡೀ ಭೂಗೋಳದ ಕೆಪಾಸಿಟೆನ್ಸ್ ಲೆಕ್ಕ ಹಾಕಿದ್ರೆ ಬರೋದು ಸುಮಾರು 710 ಮೈಕ್ರೊಫ್ಯಾರಡ್. ಎಸ್‌ಪಿ ರೋಡಲ್ಲಿ ಜೇಬಲ್ಲಿರೋ ಚಿಲ್ಲರೆಗೆ ಸಿಗೋ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಭೂಮಿತಾಯಿಗಿಂತ ದೊಡ್ಡದು! ಆದ್ರೆ ನಮ್ಮ 10 ನ್ಯಾನೊಕೂಲಂಗೆ ಆ 710ಏ ಸಮುದ್ರ, ಭೂಮಿ ಪೊಟೆನ್ಷಿಯಲ್ ಏರೋದು ಒಂದು ವೋಲ್ಟಿನ ಲಕ್ಷ ಕೋಟಿ ಭಾಗ ಮಾಡಿ ಅದರಲ್ಲಿ 14 ಭಾಗ.)

ಭಾನುವಾರ ಬೆಳಗ್ಗೆ ನಮ್ಮ ಮೀಟರಿನ (ಕೆಪಾಸಿಟರ್, ಆಪ್‌ಆಂಪ್, ಮಲ್ಟಿಮೀಟರ್ ಸೇರಿದ ಜೋಡಣೆ) ಕಾಮನ್ ಪಾಯಿಂಟ್‌ಗೆ, ಅಂದ್ರೆ ಅದರ ಸೊನ್ನೆ ತುದಿಗೆ, ನಿಜವಾದ ಅರ್ತ್ ಕೊಡಣ ಅಂತ ನೋಡಿದ್ರೆ ಬೇರೆ ರಾಮಾಯಣ ಶುರುವಾಯ್ತು. ಅಭ್ಯಾಸಕ್ಕೆ ಮೊದಲು ಸಾಕೆಟಿನ ನ್ಯೂಟ್ರಲ್ಲಿಗೂ ಅರ್ತ್ ಪಿನ್ನಿಗೂ ಮಲ್ಟಿಮೀಟರ್ ಹಿಡ್ದೆ, 90 ವೋಲ್ಟ್ ತೋರಿಸ್ತು. (ನನ್ನ ದಿನದ ಕೆಲಸ ಇದು, ನೀವು ಸಾಕೆಟ್‌ಗೆ ಏನೂ ತೂರಿಸ್ಬೇಡಿ.) ಒಂದೆರಡು ವೋಲ್ಟ್ ಇರ್ಬೇಕಾದ ಕಡೆ 90. ಎಷ್ಟೋ ತಿಂಗಳಿಂದ ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕಿ ಬರಿಗಾಲಲ್ಲಿ ಮುಟ್ಟಿದ್ರೆ ಜುಮ್ಮ್ ಅಂತಿತ್ತು, ಮನೆಯವಳು ಹೇಳ್ತಾನೇ ಇದ್ಲು, ನಾನೇ ಅಡಾಪ್ಟರ್ ಮೇಲೆ ಹಾಕಿ ಸುಮ್ನಿದ್ದೆ. ಕೆಳಗೆ ಹೋಗಿ ನೋಡಿದ್ರೆ ಅರ್ತ್ ಪಿಟ್ಟೇ (ಅರ್ತ್ ಹೂತಿರೋ ಗುಂಡಿ) ಕಾಣಲ್ಲ, ಸ್ಕೂಟರ್ ನಿಲ್ಸಕ್ಕೆ ಅಂತ ಓನರ್ರು ಮೇಲೆ ಟೈಲ್ಸ್ ಹಾಕ್ಸಿದಾರೆ, ಪಕ್ಕದಲ್ಲಿ ಗೋಡೆಯಿಂದ ಇಳಿದಿರೋ ಜಿಐ (ಸತು ಲೇಪಿಸಿದ ಕಬ್ಬಿಣ) ವೈರ್ ನೆಲ ಮುಟ್ಟೋ ಜಾಗದಲ್ಲಿ ತುಕ್ಕು ಹಿಡ್ದು ಕಿತ್ಕೊಂಡು ನಿಂತಿದೆ.

ಹುಡುಗನಿಗೆ ಅಲ್ಲೇ ಪಾಠ ಆಯ್ತು, ಯಾಕಂದ್ರೆ ಇದೂ ಪ್ಲೇಟುಗಳ ಕತೆನೇ. ಕಂಪ್ಯೂಟರ್ ಪವರ್ ಸಪ್ಲೈ ಒಳಗೆ ಫೇಸ್‌ನಿಂದ ಹೊರಗಿನ ಮೆಟಲ್ ಬಾಡಿ ಕಡೆಗೆ ಒಂದು ಸಣ್ಣ ಕೆಪಾಸಿಟರ್, ನ್ಯೂಟ್ರಲ್‌ನಿಂದ ಬಾಡಿ ಕಡೆಗೆ ಅಂಥದ್ದೇ ಇನ್ನೊಂದು ಇರತ್ತೆ, ನಾಯ್ಸ್ ಫಿಲ್ಟರ್‌ಗೆ ಅಂತ. ಅಂದ್ರೆ ಆ ಕಡೆ ಈ ಕಡೆ ಎರಡು ಪ್ಲೇಟು, ಮಧ್ಯದಲ್ಲಿ ತೇಲ್ತಿರೋ ಮೂರನೇ ಪ್ಲೇಟೇ ಬಾಡಿ. ಅರ್ತ್ ಇದ್ರೆ ಬಾಡಿ ಸೊನ್ನೇಲಿ ಕೂರತ್ತೆ, ಅರ್ತ್ ಕಿತ್ತೋಗಿದ್ರೆ ಅಕ್ಕಪಕ್ಕದೋರು ಎಲ್ಲಿ ಇಡ್ತಾರೋ ಅಲ್ಲಿ ಕೂರತ್ತೆ, ಎರಡು ಕೆಪಾಸಿಟರ್ ಸಮ ಇದ್ರೆ 230ರ ಅರ್ಧ 115 ವೋಲ್ಟ್. ಮೀಟರ್ರು ಮತ್ತೆ ಮನೆಯ ಬೇರೆ ಸಾಮಾನುಗಳು ಸ್ವಲ್ಪ ಎಳೆದು ನಮಗೆ 90 ಕಾಣಿಸ್ತು. ಕರೆಂಟು ಕಮ್ಮಿ ಇರೋದ್ರಿಂದ ಜುಮ್ಮ್ ಅನ್ನತ್ತೆ ಅಷ್ಟೇ, ಆದ್ರೆ ಗೀಸರ್ ಕಾಯಿಲ್ ಲೀಕ್ ಆಗೋ ದಿನ ಜುಮ್ಮ್‌ಗೆ ನಿಲ್ಲಲ್ಲ. ಓನರ್ರಿಗೆ ಅವತ್ತೇ ಫೋನ್ ಮಾಡ್ದೆ, ಒಂದು ವಾರ ಕಾಡಿ ಟೈಲ್ಸ್ ಒಡೆಸಿ ಹೊಸಾದು ಮಾಡಿಸಿದ್ವಿ, 60 ಸೆಂಟಿಮೀಟರ್ ಚೌಕದ 3.15 ಮಿಲಿಮೀಟರ್ ದಪ್ಪದ ತಾಮ್ರದ ಪ್ಲೇಟು, ಇದ್ದಲು ಉಪ್ಪು ಪದರ ಪದರವಾಗಿ, ಮೇಲೆ ನೀರು ಹಾಕಕ್ಕೆ ಪೈಪು. ಅದು ಆಮೇಲಿನ ಮಾತು. ಅವತ್ತಿಗೆ ಕಬ್ಬಿಣದ ಕಿಟಕಿ ಗ್ರಿಲ್‌ಗೇ ಕಾಮನ್ ಕಟ್ಟಿದ್ವಿ, ನಮ್ಮ ಲೆಕ್ಕಕ್ಕೆ ಅಷ್ಟು ದೊಡ್ಡ ಕಂಡಕ್ಟರ್ ಸಾಕು.

ಎ ಪ್ಲೇಟ್‌ಗೆ ಪ್ರತಿ ಸಲ ಒಂದೇ ಅಳತೆ ಚಾರ್ಜ್ ಕೊಡೋದು ಹೇಗೆ ಅನ್ನೋದಕ್ಕೆ ಹಳೇ ಕಾಲದ ಉಪಾಯ ಇದೆ, ಎಲೆಕ್ಟ್ರೊಫೋರಸ್, ವೋಲ್ಟಾ 1775ರಲ್ಲಿ ಚಾಲ್ತಿಗೆ ತಂದಿದ್ದು. ಪಿವಿಸಿ ಶೀಟನ್ನ ಹಳೇ ಉಲ್ಲನ್ ಮಫ್ಲರಲ್ಲಿ ಚೆನ್ನಾಗಿ ಉಜ್ಜು, ಶೀಟ್ ಮೈನಸ್ ಆಗತ್ತೆ, ತಗಡನ್ನ ಅದರ ಮೇಲಿಡು, ಬೆರಳಲ್ಲಿ ಒಂದ್ಸಲ ಮುಟ್ಟು, ಇನ್ಸುಲೇಟರ್ ಹಿಡಿ ಹಿಡಿದು ಎತ್ತು, ತಗಡು ಪ್ಲಸ್. ಇಟ್ಟು ಮುಟ್ಟಿ ಎತ್ತಿದ್ರೆ ಪ್ರತಿ ಸಲ ಹೆಚ್ಚುಕಮ್ಮಿ ಅಷ್ಟೇ ಚಾರ್ಜ್. ಮೊದಲು ಹಿಡಿಗೆ ಬಿದಿರಿನ ಕಡ್ಡಿ ಅಂಟಿಸಿದ್ದೆ, ಎಲ್ಲ ಸೋರಿ ಹೋಗ್ತಿತ್ತು, ಆಮೇಲೆ ಅಕ್ರಿಲಿಕ್ ಸ್ಕೇಲ್ ಮುರಿದು ಅಂಟಿಸಿದ ಮೇಲೆ ನಿಂತ್ಕೊಂತು. ಇಷ್ಟರಲ್ಲಿ ಒಂದು ಆಪ್‌ಆಂಪ್ ಕೂಡ ಶಿವನ ಪಾದ ಸೇರ್ತು, ತಗಡು ಮೂರ್ನಾಲ್ಕು ಸಾವಿರ ವೋಲ್ಟಲ್ಲಿರತ್ತೆ, ಕಿಡಿ ನೇರ ಪಿನ್ನಿಗೆ ಹಾರ್ತು. ಎರಡನೇದಕ್ಕೆ ಇನ್‌ಪುಟ್ ಪಿನ್ನಿಗೆ ಸೀರೀಸಲ್ಲಿ 1 ಮೆಗಾಓಮ್ ಹಾಕಿದ್ಮೇಲೆ ಬದುಕ್ತು. ಇದೇ ಆಟ ಜುಲೈ ಮಳೇಲಿ ಆಡಿದ್ರೆ ಬೆಂಗಳೂರಲ್ಲಿ ಏನೂ ನಿಲ್ತಿರ್ಲಿಲ್ಲ, ಫೆಬ್ರವರಿ ಒಣ ಹವೆ ನಮ್ಮ ಪುಣ್ಯ.

ಮೊದಲು ಎ ತಗಡನ್ನ ಎತ್ತಿ ಸೀದಾ ಮೀಟರ್‌ಗೆ ಮುಟ್ಟಿಸ್ದ. 310 ಮಿಲಿವೋಲ್ಟ್, ಅಂದ್ರೆ 31 ನ್ಯಾನೊಕೂಲಂ. ಇನ್ನೊಂದ್ಸಲ 305, ಇನ್ನೊಂದ್ಸಲ 312. ಸರಿ, ಎ ಮೇಲೆ 31.

ಈಗ ಬಿ ತಗಡು ಮೇಜಿನ ಮೇಲೆ ಥರ್ಮೊಕೋಲ್ ಮೇಲಿದೆ, ಮೊದಲೇ ಗ್ರಿಲ್‌ಗೆ ಮುಟ್ಟಿಸಿ ಅದರ ಮೇಲೆ ಏನೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡ್ವಿ. ಮೀಟರ್ ಕಟ್ಟಿದ್ವಿ, ಸೊನ್ನೆ. ನಾಲ್ಕು ಮೂಲೆಗೆ 5 ಮಿಲಿಮೀಟರ್ ಥರ್ಮೊಕೋಲ್ ಚೂರು. ಹುಡುಗ ಎ ತಗಡು ಎತ್ಕೊಂಡು ಬಂದು ನಿಧಾನಕ್ಕೆ ಇಳಿಸ್ದ. ಕೈ ಇನ್ನೂ ಮೇಲಿರುವಾಗ್ಲೇ ಮೀಟರ್ 40, 70, ಇಳೀತಾ ಇಳೀತಾ 150, 220, ಕೂತಾಗ 290. ಯಾರೂ ಏನೂ ಮುಟ್ಟಿಲ್ಲ, ಎ ತಗಡಿಗೂ ಬಿ ತಗಡಿಗೂ ಮಧ್ಯೆ ಗಾಳಿ, ಆದ್ರೂ ಏನೂ ಇಲ್ಲದ ಬಿ ಇಂದ ಅರ್ತ್ ಕಡೆಗೆ 29 ನ್ಯಾನೊಕೂಲಂ ಹೋಗಿದೆ.

ಎತ್ತು ಅಂದೆ. ಎತ್ತಿದ. ಮೀಟರ್ ವಾಪಸ್ ಇಳ್ಕೊಂಡು ಬಂದು ಸೊನ್ನೆ ಹತ್ರ ನಿಂತ್ಕೊಂತು. ಹೋಗಿದ್ದೆಲ್ಲ ವಾಪಸ್ ಬಂತು. ಚರಂಡಿಗೆ ಹೋಗಿದ್ದು ವಾಪಸ್ ಬರಲ್ಲ, ಕೆರೆಗೆ ಸೇರಿದ ಕಾಲುವೇಲಿ ಮಾತ್ರ ನೀರು ಮಟ್ಟ ನೋಡ್ಕೊಂಡು ಆ ಕಡೆ ಈ ಕಡೆ ಹರಿಯತ್ತೆ. ಆಮೇಲೆ ಇನ್ನೊಂದು ಮಾಡ್ಸಿದೆ, ಎ ಕೂತಿರುವಾಗ್ಲೇ ಬಿ ವೈರ್ ಕಿತ್ತು, ಆಮೇಲೆ ಎ ಎತ್ತಿ, ಬಿನ ಮೀಟರ್‌ಗೆ ಮುಟ್ಟಿಸಿದ್ರೆ ಮೈನಸ್ 285. ಅರ್ತ್ ಮಾಡಿದ್ದಕ್ಕೇ ಬಿ ಮೇಲೆ ಚಾರ್ಜ್ ಬಂದಿದೆ. ಹುಡುಗ ಒಂದು ನಿಮಿಷ ಸುಮ್ನಿದ್ದು "ಅಂಕಲ್, ಬೆಳಗ್ಗೆಯಿಂದ ಎ ತಗಡಿಗೆ ಬೆರಳು ಮುಟ್ಟಿಸಿ ಚಾರ್ಜ್ ಮಾಡ್ತಿದ್ವಲ್ಲ, ಅದೂ ಇದೇನಾ?" ಅಂದ. ಅದೂ ಇದೇ. ಶೀಟ್ ಒಂದು ಪ್ಲೇಟು, ಬೆರಳು ಅರ್ತ್ ವೈರು. ನಾನು ಹೇಳಿಕೊಡ್ಬೇಕು ಅಂತಿದ್ದೆ, ಅವನೇ ಹಿಡ್ಕೊಂಡ.

ಇನ್ನು ಬಿ ಮೇಲೂ ಚಾರ್ಜ್ ಇದ್ದಾಗ. ಬಿಗೂ ಒಂದು ಹಿಡಿ ಅಂಟಿಸಿ ಶೀಟ್ ಮೇಲಿಟ್ಟು 30 ಕೊಟ್ವಿ, ಎಗೆ 31, ಎದುರುಬದುರು ಇಟ್ಟು ಬಿನ ಮೀಟರ್‌ಗೆ ಮುಟ್ಟಿಸಿದ್ವಿ. ಹಳೇ ಲೆಕ್ಕದ ಪ್ರಕಾರ 300 ಬರ್ಬೇಕು, ಹೊಸಾ ಲೆಕ್ಕಕ್ಕೆ 600 ಹತ್ರ. ಬಂದಿದ್ದು 560. ಎರಡೂ ಒಂದೇ ಜಾತಿ ಚಾರ್ಜ್ ಆಗಿ ವೋಲ್ಟೇಜ್ ಜಾಸ್ತಿ ಏರಿರತ್ತೆ, ಅಂಗಡಿಯವನು ಕತ್ತರಿಸಿದ ಅಂಚು ಬ್ಲೇಡ್ ಥರ ಇತ್ತು, ಅಲ್ಲಿಂದ ಸ್ವಲ್ಪ ಗಾಳಿಗೆ ಸೋರಿದೆ. ಅಂಚನ್ನ ಅರದಲ್ಲಿ ಉಜ್ಜಿದ್ಮೇಲೆ 575 ತನಕ ಬಂತು. ಎ ಬಿ ಎರಡನ್ನೂ ಅರ್ತ್ ಮಾಡಿದ್ರೆ ಅಂತ ಕೇಳ್ದ, ಆಗ ನಾಲ್ಕೂ ಮುಖ ಸೊನ್ನೆ, ಅದರಲ್ಲಿ ನೋಡೋಕೇನಿಲ್ಲ. ಬಿ ಬದಲು ಎನ ಅರ್ತ್ ಮಾಡಿದ್ರೆ ಏನು ಅನ್ನೋದನ್ನ ಅವನೇ ರಫ್ ಬುಕ್ಕಲ್ಲಿ ಹಾಕಿದ, ಎ 8ರಿಂದ ಮೈನಸ್ 2ಕ್ಕೆ ಇಳಿಯತ್ತೆ, ಅಲ್ಲೂ 10. ಯಾರನ್ನ ಅರ್ತ್ ಮಾಡಿದ್ರೂ ಹೋಗೋದು ಒಟ್ಟು ಮೊತ್ತನೇ. ಮೂರು ಪ್ಲೇಟ್ ಸಾಲಾಗಿ ಇದಾವೆ, ಮಧ್ಯದ ಪ್ಲೇಟ್ ಮೇಲೆ 12 ಇಟ್ಟು ಎರಡು ಪಕ್ಕದ ಪ್ಲೇಟೂ ಅರ್ತ್ ಮಾಡಿ, ಒಂದು 2 ಮಿಲಿಮೀಟರ್ ದೂರ ಇನ್ನೊಂದು 4 ಅಂತ ಒಂದು ಕೊಟ್ಟೆ, ಹತ್ರದ ಕಡೆ 8, ದೂರದ ಕಡೆ 4 ಅಂತ ಎರಡೇ ಲೈನಲ್ಲಿ ಮುಗ್ಸಿದ.

ನಾನು ಎಲ್ಲ ಮುಗೀತು ಅಂತ ಬ್ಯಾಟರಿ ಕೀಳಕ್ಕೆ ಹೋದೆ. "31 ಇಟ್ರೆ 29 ಯಾಕೆ ಬಂತು? ಆ 2 ಎಲ್ಲಿ?" ಸೋರಿದ್ಯೇನೋ ಅಂದೆ. ಸೋರಿದ್ರೆ ಎ ಎತ್ತಿ ನೋಡಿದ್ರೂ ಕಮ್ಮಿ ಇರ್ಬೇಕಲ್ಲ ಅಂತ ಎತ್ತಿ ಮುಟ್ಟಿಸ್ದ, 307. ಸೋರಿಲ್ಲ. ನನಗೆ ಆಗ ಹೊಳೀತು. ಕೀ ಆನ್ಸರಿನ ಒಂದು ಲೈನ್ ಎರಡು ಬೆನ್ನನ್ನೂ ಒಂದೇ ಉಸಿರಲ್ಲಿ ಸೊನ್ನೆ ಮಾಡ್ಬಿಡತ್ತೆ, ಆದ್ರೆ ಅವೆರಡೂ ಸೊನ್ನೆ ಆಗೋ ಕಾರಣ ಒಂದೇ ಅಲ್ಲ. ಬಿ ಬೆನ್ನು ಸೊನ್ನೆ ಆಗಿದ್ದು ಅದೂ ಗೋಡೆಯೂ ಒಂದೇ ಪೊಟೆನ್ಷಿಯಲ್ ಇರೋದ್ರಿಂದ. ಎ ಏನು ಸೊನ್ನೆ ಪೊಟೆನ್ಷಿಯಲಲ್ಲಿ ಇಲ್ವಲ್ಲ, ನಾನೂರು ವೋಲ್ಟಲ್ಲಿದೆ, ಅದರ ಬೆನ್ನಿಗೆ ರೂಮಿನ ಗೋಡೆ, ಸೂರು, ನಾವಿಬ್ಬರು ಎಲ್ಲ ಕಾಣ್ತೀವಿ, ನಮ್ಮ ಕಡೆಗೂ ಒಂದೆರಡು ಎಳೆ ಫೀಲ್ಡ್ ಬರ್ಲೇಬೇಕು. ಪುಸ್ತಕದ ಪ್ಲೇಟುಗಳು ಕೊನೆಯಿಲ್ಲದಷ್ಟು ಅಗಲ, ಅಲ್ಲಿ ಅದು ಪೂರ್ತಿ ಸೊನ್ನೆ. ನಮ್ಮ 20 ಸೆಂಟಿಮೀಟರ್ ತಗಡಿಗೆ ಬೆನ್ನಿನ ಕೆಪಾಸಿಟೆನ್ಸ್ ನಾಲ್ಕೈದು ಪಿಕೊಫ್ಯಾರಡ್, ಎದೆ ಕಡೆ 71, ಚಾರ್ಜ್ ಅದೇ ಅನುಪಾತದಲ್ಲಿ ಹಂಚ್ಕೊಳತ್ತೆ, 31ರಲ್ಲಿ 2 ಬೆನ್ನಿಗೆ.

ಹಂಗಾದ್ರೆ ಗ್ಯಾಪ್ ಜಾಸ್ತಿ ಮಾಡಿದ್ರೆ ಬೆನ್ನಿನ ಪಾಲು ಜಾಸ್ತಿ ಆಗ್ಬೇಕು. ಚೂರುಗಳನ್ನ ಒಂದರ ಮೇಲೊಂದು ಇಟ್ಟು 20 ಮಿಲಿಮೀಟರ್ ಮಾಡಿದ್ವಿ. 260. ಐದು ನ್ಯಾನೊಕೂಲಂ ಬೆನ್ನಲ್ಲಿ.

ಹುಡುಗ ಅಂಗೈ ಬಿಚ್ಚಿ ಎ ತಗಡಿನ ಮೇಲೆ, ಮುಟ್ಟದೇ, ಎರಡು ಬೆರಳು ಅಂತರದಲ್ಲಿ ತಂದ. ರೆಡ್ ಆಕ್ಸೈಡ್ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದ, ಅಂದ್ರೆ ಅವನ ಕೈಯೇ ಒಂದು ಅರ್ತ್ ಮಾಡಿದ ಪ್ಲೇಟು. ಮೀಟರ್ 225ಕ್ಕೆ ಇಳೀತು. ಕೈ ತೆಗೆದ, 260. ಮತ್ತೆ ತಂದ, 226. ಕೆಳಗಿನ ವೈರಲ್ಲಿ ಚಾರ್ಜ್ ಹೋಗೋದು ಬರೋದು ಮೇಲಿಂದ ಅವನ ಕೈಯಲ್ಲಿ ಆಡಿಸ್ತಿದ್ದ. ಮೇಲಿಂದ ಅವರಮ್ಮ ಊಟಕ್ಕೆ ಎರಡು ಸಲ ಕರೆದ್ರು. ಬಂದೆ ಅಂದ, ಕೈ ಮತ್ತೆ ತಗಡಿನ ಮೇಲೆ ತಂದ.